ಷಡ್ಡಕನ ಅನ್ನ ಉಗುರುಬೆಚ್ಚಗಿತ್ತು

ನನ್ನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ.

ಜಗಳಗಂಟ ಅಂತಲ್ಲ. ಕುಡಿದು ಗಲಾಟೆ ಮಾಡುತ್ತೇನೆ ಅಂತಲೂ ಅಲ್ಲ. ನನ್ನ ಕೆಲಸವೇ ಅಂಥದ್ದು. ಪಶ್ಚಿಮ ಸಿಡ್ನಿಯ ಒಂದು ಕೌನ್ಸಿಲ್‌ನಲ್ಲಿ (ಇಲ್ಲಿಯ ನಗರಸಭೆ) ನಾನು ಫುಡ್ ಇನ್‌ಸ್ಪೆಕ್ಟರ್. ಹೋಟೆಲು, ಬೇಕರಿ, ಟೇಕ್‌ಅವೇಗಳ ಅಡುಗೆಮನೆಗೆ ಹೇಳದೆ ಕೇಳದೆ ನುಗ್ಗಿ, ಫ್ರಿಜ್ಜಿನ ಬಾಗಿಲು ತೆಗೆದು, ಅದರ ರಬ್ಬರಿನ ಸಂದಿಗೆ ಟಾರ್ಚ್ ಬಿಡುವವನು. ನಮ್ಮ ದೇಶದವರ ಹೋಟೆಲುಗಳೇ ತುಂಬಿರುವ ಹ್ಯಾರಿಸ್ ಪಾರ್ಕಿಗೆ ಹೆಂಡತಿಯ ಜೊತೆ ದೋಸೆ ತಿನ್ನಲು ಹೋದರೂ ಕೌಂಟರಿನಲ್ಲಿ ನಿಂತವರ ಮುಖ ಬಿಳಿಚಿಕೊಳ್ಳುತ್ತದೆ. 'ಸರ್, ಆಜ್ ಡ್ಯೂಟಿ ಪೇ ಹೈ ಕ್ಯಾ?' ಎಂದು ಕೇಳುತ್ತಾರೆ. ಹಸಿವಾಗಿದೆ ಅಂದರೂ ನಂಬುವುದಿಲ್ಲ.

ಬ್ಲ್ಯಾಕ್‌ಟೌನ್‌ನ ನಮ್ಮ ಬೀದಿಯಲ್ಲೇ ಗೃಹಪ್ರವೇಶ ನಡೆದರೂ ನಮಗೆ ವಾಟ್ಸ್ಯಾಪಿನಲ್ಲಿ ಫೋಟೊ ಬರುತ್ತದೆ. ಕರೆ ಬರುವುದಿಲ್ಲ.

ಇನ್ನು ನನ್ನ ಷಡ್ಡಕನನ್ನು ನೋಡಿ. ನನ್ನ ಹೆಂಡತಿ ವೀಣಾಳ ಅಕ್ಕ ಶೋಭಾಳ ಗಂಡ, ಮಹಾಂತೇಶ. ಬೆಳಗಾವಿಯವನು, ಈಗ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿದ್ದಾನೆ. (ಎದುರಿಗೆ ಬಹುವಚನ, ಹೊಟ್ಟೆಯೊಳಗೆ ಏಕವಚನ. ಷಡ್ಡಕರ ನಡುವೆ ಇದು ಮಾಮೂಲು ತಾನೆ?) ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬಿಟ್ಟು ಕೇಟರಿಂಗ್ ಶುರುಮಾಡಿದ. ಈಗ ಅವನನ್ನು ಕರೆಯದೆ ಆ ಸಬರ್ಬಿನಲ್ಲಿ ನಾಮಕರಣ ಆಗುವುದಿಲ್ಲ, ಸೀಮಂತ ಆಗುವುದಿಲ್ಲ. ಅವನು ಬಂದರೆ ಜನ ನಗುತ್ತಾರೆ. ನಾನು ಬಂದರೆ ಪಾತ್ರೆಗೆ ಮುಚ್ಚಳ ಮುಚ್ಚುತ್ತಾರೆ.

ಹೊಟ್ಟೆಕಿಚ್ಚು ಆಗಬೇಕೋ ಬೇಡವೋ? ನೀವೇ ಹೇಳಿ.

ಅಮೆರಿಕದಲ್ಲಿ ಹಳೆಯ ಅಧ್ಯಕ್ಷರು ಮತ್ತೆ ಗೆದ್ದು ಬಂದು ಕುರ್ಚಿಯಲ್ಲಿ ಕೂತ ದಿನಗಳವು. ಜನವರಿಯ ಲಾಂಗ್ ವೀಕೆಂಡ್. ಹುಬ್ಬಳ್ಳಿಯಿಂದ ಬಂದು ಹಿರಿಮಗಳ ಮನೆಯಲ್ಲಿದ್ದ ನಮ್ಮ ಅತ್ತೆಗೆ ಎಪ್ಪತ್ತೈದು ತುಂಬಿತ್ತು. ಪಾಯಿಂಟ್ ಕುಕ್‌ನ ಒಂದು ಕಮ್ಯುನಿಟಿ ಹಾಲ್ ಬುಕ್ ಮಾಡಿ, ಪರಿಚಯದವರನ್ನೆಲ್ಲ ಕರೆದು, ಊಟ ಹಾಕಿಸುವುದು ಅಂತ ತೀರ್ಮಾನವಾಗಿತ್ತು. ಅಡುಗೆ ಯಾರದು? ಕೇಳಬೇಕೆ.

ಸಿಡ್ನಿಯಿಂದ ಕಾರಿನಲ್ಲೇ ಹೊರಟೆವು. ಹಿಂದಿನ ಸೀಟಿನಲ್ಲಿ ನನ್ನ ಮಗಳು ಅನ್ವಿ. ಹದಿಮೂರು ವರ್ಷ. ನನ್ನ ಹತ್ತಿರ ಅವಳು ಮಾತಾಡುವುದೇ ಅಪರೂಪ. ಅರ್ಧಕ್ಕಿಂತ ಹೆಚ್ಚು ದಾರಿ ಸವೆದು ಆಲ್ಬರಿ ದಾಟಿದ ಮೇಲೆ ಹೆಡ್‌ಫೋನ್ ತೆಗೆದು, 'ದೊಡ್ಡಪ್ಪ ಈಸ್ ಸೋ ಮಚ್ ಫನ್' ಅಂದಳು. ಯಾರೂ ಏನೂ ಕೇಳಿರಲಿಲ್ಲ. ತಾನಾಗೇ ಅಂದಳು. ನಾನು ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ.

ಸಮಾರಂಭದ ಹಿಂದಿನ ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದೆವು. ಜೋಳದ ರೊಟ್ಟಿ, ಎಣ್ಣೆಗಾಯಿ. ಟೀವಿಯಲ್ಲಿ ಅಮೆರಿಕದ ಅಧ್ಯಕ್ಷರು ಒಂದಾದ ಮೇಲೊಂದು ಆದೇಶಕ್ಕೆ ಸಹಿ ಹಾಕುತ್ತಿದ್ದರು.

ಮಹಾಂತೇಶ ರೊಟ್ಟಿ ಹಿಡಿದ ಕೈಯನ್ನೇ ಟೀವಿ ಕಡೆ ಚಾಚಿದ. 'ನೋಡ್ರಿ, ಗಂಡಸು ಅಂದ್ರ ಇಂವ! ಬಂದವನ ಕೆಲಸಾ ಹಚ್ಚಿಕೊಂಡ. ರೂಲ್ಸ್ ಎಲ್ಲಾ ಕಿತ್ತ ಒಗಿತೇನಿ ಅಂದಾನ. ಇಂಥಾವ ಒಬ್ಬ ನಮಗ ಆಸ್ಟ್ರೇಲಿಯಾದಾಗ ಬೇಕಾಗ್ಯಾನ.'

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

'ಯಾವ ರೂಲ್ಸ್ ಕೀಳ್ತಾರೆ ಮಹಾಂತೇಶ್? ಒಂದು ಕಡೆ ಮಕ್ಕಳ ತಿಂಡಿಲಿರೋ ಬಣ್ಣ ತೆಗೆಸ್ತೀವಿ ಅಂತಾರೆ. ಇನ್ನೊಂದು ಕಡೆ ಡಿಪಾರ್ಟ್‌ಮೆಂಟ್‌ಗಳಲ್ಲಿ ಜನ ಕಡಿಮೆ ಮಾಡ್ತೀವಿ ಅಂತಾರೆ. ಬಣ್ಣ ತೆಗೆದಿದಾರೋ ಇಲ್ವೋ ಅಂತ ಚೆಕ್ ಮಾಡೋರು ಯಾರು?'

ಒಳ್ಳೆಯ ಪಾಯಿಂಟ್ ಅಂತ ನನಗೆ ಅನ್ನಿಸಿತ್ತು. ಯಾರಿಗೂ ಅನ್ನಿಸಲಿಲ್ಲ.

'ಚೆಕ್ ಮಾಡೋರ ಕಥಿ ನನ್ನ ಕಡೆ ಕೇಳ್ರಿ' ಎಂದು ಮಹಾಂತೇಶ ಎದ್ದು ನಿಂತ. ಕಥೆ ಹೇಳುವಾಗ ಅವನು ಎದ್ದು ನಿಲ್ಲುತ್ತಾನೆ. 'ನಾ ಕಿಚನ್ ಶುರು ಮಾಡೋ ಮುಂದ ಇಲ್ಲಿ ಕೌನ್ಸಿಲ್‌ನಾಕಿ ಒಬ್ಬಾಕಿ ಬಂದ್ಳು. ಪಾತ್ರಿ ತೊಳಿಯೂ ಸಿಂಕ್ ಐತಿ, ಕಾಯಿಪಲ್ಲೆ ತೊಳಿಯೂ ಸಿಂಕ್ ಐತಿ. ಕೈ ತೊಳಿಯೂ ಸಿಂಕ್ ಎಲ್ಲೈತಿ ಅಂದ್ಳು. ಇದರಾಗ ಕೈ ತೊಳ್ಕೊಂಡ್ರ ಕೈ ಕರಗತಾವೇನವಾ ಅಂದ್ನಿ. ಹೊಸಾ ಸಿಂಕ್ ಹಾಕಸ್ರಿ ಅಂದ್ಳು. ಪ್ಲಂಬರ್ ಸಿಗಲಿಲ್ಲ. ಒಲಿ ಹಚ್ಚಲಾರದ ರೆಂಟ್ ಕಟ್ಟಕೋತ ಕುಂತ್ನಿ. ಕಡೀಕ ಸಿಂಕ್ ಬಂತು, ಆಕಿನ ಮತ್ತ ಬಂದ್ಳು. ಅದರಾಗ ಕೈ ತೊಳ್ಕೊಂಡು, ವೆರಿ ನೈಸ್ ಅಂದು ಹ್ವಾದ್ಳು!'

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅನ್ವಿ ಮೇಜು ಕುಟ್ಟಿ ನಕ್ಕಳು. ವೀಣಾ ಕೂಡ ನಕ್ಕಳು. (ಅವಳ ನಗು ನನಗೆ ಜಾಸ್ತಿ ಚುಚ್ಚಿತು.)

ನಿಜ ಹೇಳುತ್ತೇನೆ, ಅವನ ಮಾತಿನಲ್ಲಿ ಹುರುಳಿತ್ತು. ನಮ್ಮಲ್ಲೂ ಇಂಥ ಸಿಂಕ್ ಪುರಾಣಗಳಿವೆ. ಅವನ್ನು ಬೇಗ ಮುಗಿಸುವ ದಾರಿ ಬೇಕು, ನಿಯಮವನ್ನೇ ಕೀಳುವುದಲ್ಲ ಅಂತ ಹೇಳಬೇಕಿತ್ತು. ಅದರ ಬದಲು ಕೈ ತೊಳೆಯದ ಅಡುಗೆಯವರಿಂದ ಹರಡುವ ಕಾಯಿಲೆಗಳ ಬಗ್ಗೆ ಶುರುಮಾಡಿದೆ. ಲಕ್ಷಣಗಳ ಸಮೇತ.

'ಡ್ಯಾಡ್, ವಿ ಆರ್ ಈಟಿಂಗ್!' ಎಂದಳು ಅನ್ವಿ.

'ಊಟದಾಗ ವಾಂತಿಭೇದಿ ಮಾತ ಬ್ಯಾಡ್ರಿ ಸತೀಶ' ಎಂದರು ಅತ್ತೆ. 'ನಾವು ಹುಬ್ಬಳ್ಳಿ ರಸ್ತಾದಾಗ ನಿಂತು ಗಿರ್ಮಿಟ್ ತಿಂದಾವರು. ಯಾವ ಇನ್‌ಸ್ಪೆಕ್ಟರೂ ಇರಲಿಲ್ಲ. ಎಪ್ಪತ್ತೈದು ಆತು. ಏನಾಗೇತಿ ನಮಗ?'

ಬದುಕಿ ಉಳಿದವರು ಮಾತ್ರ ಹಾಗೆ ಹೇಳಬಲ್ಲರು, ಉಳಿಯದವರು ಬಂದು ಹೇಳುವುದಿಲ್ಲ ಎಂಬ ಉತ್ತರ ನನಗೆ ಹೊಳೆದಾಗ ಎಲ್ಲರೂ ಎದ್ದು ಕೈ ತೊಳೆಯುತ್ತಿದ್ದರು. ಚರ್ಚೆಯಲ್ಲಿ ಸೋಲುವವರ ಕಷ್ಟವೇ ಇದು. ಉತ್ತರ ಯಾವಾಗಲೂ ಲೇಟ್ ಆಗಿ ಬರುತ್ತದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಕಾಫಿಗೆ ಹಾಲು ಬೇಕಿತ್ತು. ಅಡುಗೆಮನೆಯ ಫ್ರಿಜ್ಜಿನಲ್ಲಿ ಖಾಲಿ. ಗ್ಯಾರೇಜಿನಲ್ಲಿ ಇನ್ನೊಂದು ಫ್ರಿಜ್ ಇತ್ತಲ್ಲ ಎಂದು ಅಲ್ಲಿಗೆ ಹೋದೆ. ರಾತ್ರಿಯಿಡೀ ಮೆಲ್ಬರ್ನಿನಲ್ಲಿ ಬಿಸಿಗಾಳಿ ಬೀಸಿತ್ತು. ಗ್ಯಾರೇಜು ಒಳ್ಳೆ ಬಚ್ಚಲುಮನೆಯ ಹಾಗೆ ಕಾವು ಹಿಡಿದಿತ್ತು.

ನೆಲದ ಮೇಲೆ ಮುಚ್ಚಳ ಮುಚ್ಚಿದ ದೊಡ್ಡ ಕೊಪ್ಪರಿಗೆಗಳು. ಮಧ್ಯಾಹ್ನದ ಚಿತ್ರಾನ್ನಕ್ಕೆ ಅನ್ನ ಉದುರುದುರಾಗಿರಲಿ ಎಂದು ಮಹಾಂತೇಶ ಹಿಂದಿನ ಸಂಜೆಯೇ, ಬಾಡಿಗೆ ಕಿಚನ್ ಬಿಟ್ಟು ಮನೆಯಲ್ಲೇ ಬೇಯಿಸಿ ಇಟ್ಟಿದ್ದ. ನಾವು ಅಮೆರಿಕದ ಬಗ್ಗೆ ಕಿತ್ತಾಡುತ್ತಿದ್ದಾಗಲೇ ಅದು ಇಲ್ಲಿ ಕೂತಿತ್ತು. ಫ್ರಿಜ್ಜಿನ ತುಂಬ ಶ್ರೀಖಂಡ, ಮೊಸರು. ಅನ್ನಕ್ಕೆ ಜಾಗ ಸಿಕ್ಕಿಲ್ಲ.

ಒಂದು ಕೊಪ್ಪರಿಗೆಗೆ ಅಂಗೈ ಒತ್ತಿದೆ. ಉಗುರುಬೆಚ್ಚಗಿತ್ತು.

ಚೆನ್ನಾಗಿ ಬಿಸಿಯಿದ್ದರೆ ಚಿಂತೆಯಿಲ್ಲ. ಫ್ರಿಜ್ಜಿನಷ್ಟು ತಣ್ಣಗಿದ್ದರೂ ಚಿಂತೆಯಿಲ್ಲ. ಈ ಉಗುರುಬೆಚ್ಚಗೆ ಅನ್ನುವುದೇ ನಮ್ಮ ಶತ್ರು. ಅಕ್ಕಿಯಲ್ಲಿ ಬೇಯಿಸಿದರೂ ಸಾಯದ ಒಂದು ಜಾತಿಯ ಬ್ಯಾಕ್ಟೀರಿಯಾ ಇರಬಹುದು. ಅನ್ನವನ್ನು ಗಂಟೆಗಟ್ಟಲೆ ಹೀಗೆ ಬಿಟ್ಟರೆ ಅದು ಬೆಳೆದು ವಿಷ ಉಗುಳುತ್ತದೆ. ಆಮೇಲೆ ಎಷ್ಟು ಒಗ್ಗರಣೆ ಕೊಟ್ಟು ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ವಾಸನೆ ಬದಲಾಗದು, ರುಚಿ ಕೆಡದು. ಹೊಟ್ಟೆಗೆ ಹೋದ ಮೇಲೆಯೇ ಗೊತ್ತಾಗುವುದು.

ಆಗ ನನ್ನ ತಲೆಯಲ್ಲಿ ಏನು ಬಂತು ಗೊತ್ತೇ? ಸುಮ್ಮನೆ ಹಾಲು ತೆಗೆದುಕೊಂಡು ಹೋಗಿಬಿಡು. ಏನೂ ನೋಡಲಿಲ್ಲ ಅಂದುಕೋ. ಮಧ್ಯಾಹ್ನ ಜನ ಹೊಟ್ಟೆ ಹಿಡಿದುಕೊಂಡು ಓಡಲಿ. ಆಗ ಗೊತ್ತಾಗುತ್ತದೆ ರೂಲ್ಸ್ ಯಾಕೆ ಅಂತ. ಆಗ ನೋಡೋಣ ಯಾರು ಫನ್ ಅಂತ.

ಕೊಪ್ಪರಿಗೆಯ ಮೇಲೆ ಕೈ ಇಟ್ಟುಕೊಂಡೇ ಆ ಚಿತ್ರವನ್ನು ಪೂರ್ತಿ ನೋಡಿದೆ. ಚೆನ್ನಾಗಿಯೇ ಇತ್ತು. ಅದರಲ್ಲಿ ಮೊದಲ ತಟ್ಟೆ ಹಿಡಿದವರು ಅತ್ತೆ ಎಂಬುದು ಕಾಣುವವರೆಗೆ.

ಮಹಾಂತೇಶ ಹಲ್ಲುಜ್ಜುತ್ತ ಹಿತ್ತಲಿನಲ್ಲಿ ನಿಂತಿದ್ದ. ಹೋಗಿ ಹೇಳಿದೆ. 'ಆ ಅನ್ನ ಬಡಿಸೋ ಹಾಗಿಲ್ಲ. ಚೆಲ್ಲಬೇಕು.'

ಬ್ರಷ್ ಬಾಯಲ್ಲೇ ನಿಂತಿತು. ಉಗಿದು ಬಂದು ಕೇಳಿದ. 'ಏನಂದ್ರಿ?'

ಕಾರಣ ವಿವರಿಸಿದೆ. ಪೂರ್ತಿ ಕೇಳಿದ. ಮುಖ ಕೆಂಪಾಯಿತು. 'ಸತೀಶ, ನಿಮ್ಮ ಕೌನ್ಸಿಲ್ ಸಿಡ್ನಿದಾಗ. ಇದು ನನ್ನ ಮನಿ. ನಿನ್ನಿ ಮಾತಿನಾಗ ಸೋತ್ರಿ ಅಂತ ಇವತ್ತ ಅನ್ನದ ಮ್ಯಾಲ ಸೇಡ ತೀರಿಸ್ಕೋತೀರೇನು? ಖರೇ ಹೇಳ್ರಿ. ನನ್ನ ಕಂಡ್ರ ನಿಮಗ ಹೊಟ್ಟಿಕಿಚ್ಚ ಐತಿ.'

ಏನು ಹೇಳಲಿ? ಸುಳ್ಳೇ?

'ಹೌದು, ಇದೆ' ಎಂದೆ. 'ತುಂಬಾ ಇದೆ. ಆದ್ರೂ ಆ ಅನ್ನ ಬಡಿಸ್ಬೇಡಿ.'

ಅವನು ಈ ಉತ್ತರ ನಿರೀಕ್ಷಿಸಿರಲಿಲ್ಲ. ಜಗಳಕ್ಕೆ ತಯಾರಾಗಿದ್ದ ಬಾಯಿ ಹಾಗೇ ತೆರೆದುಕೊಂಡಿತ್ತು.  ಆಮೇಲೆ ಮೆಲ್ಲಗೆ ಕೇಳಿದ. 'ಅತ್ತಿಯಾರಿಗೆ ಏನರ ಆದೀತೇನ್ರಿ?'

'ಆಗದೇನೂ ಇರಬಹುದು. ಆದ್ರೆ ಅವರ ವಯಸ್ಸಿನೋರಿಗೆ ಆದ್ರೆ ಬೇಗ ಸುಧಾರಿಸಲ್ಲ.'

ಮಹಾಂತೇಶ ನೆಟ್ಟಗೆ ಗ್ಯಾರೇಜಿಗೆ ನಡೆದ. ಕೊಪ್ಪರಿಗೆಯ ಒಂದು ಕಿವಿ ಅವನು ಹಿಡಿದ, ಇನ್ನೊಂದು ನಾನು ಹಿಡಿದೆ. ಬಿಳಿ ಅನ್ನವೆಲ್ಲ ಕಸದ ಹಸಿರು ಬಿನ್ನಿಗೆ ಹೋಯಿತು. ಅನ್ನ ಚೆಲ್ಲುವಾಗ ಅವನು ಮುಖ ಆಚೆ ತಿರುಗಿಸಿದ. ಅಡುಗೆ ಮಾಡುವವನಿಗೆ ಅದು ಎಷ್ಟು ಸಂಕಟ ಎಂದು ಆಗ ಕಂಡಿತು.

'ಈಗ ಬ್ಯಾರೆ ಅನ್ನ ಮಾಡಿ, ಆರಿಸಿ, ಚಿತ್ರಾನ್ನ ಕಲಸೂದು ಯಾವಾಗ?' ಎಂದು ತಲೆ ಮೇಲೆ ಕೈ ಹೊತ್ತು ಕೂತ.

'ಆರಿಸೋದು ಯಾಕೆ? ಬಿಸಿಬೇಳೆಬಾತ್ ಮಾಡೋಣ' ಎಂದೆ. 'ಕುದೀತಿರೋದನ್ನೇ ಮುಚ್ಚಿ ಹಾಲ್‌ಗೆ ತಗೊಂಡು ಹೋಗಿ, ಬಿಸಿ ಬಿಸಿ ಬಡಿಸಿದರಾಯ್ತು.' ನಾನು ತುಮಕೂರಿನವನು. ಅದು ನಮ್ಮ ಕಡೆಯ ಅಡುಗೆ. ಅವನಿಗೆ ಪ್ರಮಾಣ ಗೊತ್ತಿರಲಿಲ್ಲ. ಹುಣಸೆಹಣ್ಣು ಎಷ್ಟು, ಪುಡಿ ಎಷ್ಟು ಎಂದು ನಾನೇ ಹೇಳಿದೆ. ವೀಣಾ ಅಕ್ಕಿ ತೊಳೆದಳು, ಶೋಭಾ ತರಕಾರಿ ಹೆಚ್ಚಿದಳು. ಹಿತ್ತಲಿನ ಗ್ಯಾಸ್ ಒಲೆಯ ಮುಂದೆ ಷಡ್ಡಕರಿಬ್ಬರೂ ಬೆವರು ಸುರಿಸಿ ಸೌಟು ತಿರುವಿದೆವು. ಜೀವಮಾನದಲ್ಲಿ ಮೊದಲ ಸಲ ನಾನು ಅವನ ಜೊತೆ ಸಂತೋಷವಾಗಿದ್ದೆ ಅಂತ ಕಾಣುತ್ತದೆ.

ಆ ಸಂತೋಷ ಮಧ್ಯಾಹ್ನದವರೆಗೆ ಬಾಳಿತು.

ಹಾಲ್‌ನಲ್ಲಿ ಬಿಸಿಬೇಳೆಬಾತಿಗೆ ಜನ ಮುಗಿಬಿದ್ದರು. ಎರಡನೇ ಸಲ, ಮೂರನೇ ಸಲ ಬಡಿಸಿಕೊಂಡರು. 'ಬೆಂಗಳೂರು ಬಿಟ್ಟ ಮೇಲೆ ಇಂಥದ್ದು ತಿಂದಿರ್ಲಿಲ್ಲ ಗುರೂ' ಎಂದು ಯಾರೋ ಮಹಾಂತೇಶನ ಬೆನ್ನು ತಟ್ಟಿದರು. ಕೊನೆಗೆ ಅತ್ತೆ ಮೈಕ್ ಹಿಡಿದರು. 'ನಮ್ಮ ಹಿರೇ ಅಳಿಯಾ ನಸುಕಿನ್ಯಾಗ ಎದ್ದು, ನಾ ಬಿಸಿದು ಉಣ್ಣಲಿ ಅಂತ ಮೊದಲ ಮಾಡಿದ್ದ ಅಡಗಿ ಬಿಟ್ಟು ಮತ್ತ ಹೊಸಾ ಅಡಗಿ ಮಾಡ್ಯಾನ. ಇಂಥಾ ಅಳಿಯಾ ಎಲ್ಲಾರಿಗೂ ಸಿಗಲಿ.'

ಹಾಲ್ ತುಂಬ ಚಪ್ಪಾಳೆ. ಮಹಾಂತೇಶ ನನ್ನ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಜನ ಅವನನ್ನು ಎಳೆದುಕೊಂಡು ಹೋಗಿ ಅತ್ತೆಯ ಪಕ್ಕ ನಿಲ್ಲಿಸಿ ಫೋಟೊ ತೆಗೆದರು. ಅನ್ವಿ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕಿದಳು. ಅವಳಿಗೆ ಸಿಳ್ಳೆ ಹಾಕಲು ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ವೀಣಾ ಕೇಳಿದಳು. 'ನೀವ್ಯಾಕ ಅಲ್ಲೇ ಎದ್ದು ಹೇಳಲಿಲ್ಲ?'

'ಏನಂತ ಹೇಳ್ಲಿ? ಇವತ್ತು ಯಾರಿಗೂ ವಾಂತಿ ಆಗಲ್ಲ, ಚಪ್ಪಾಳೆ ತಟ್ಟಿ ಅಂತಲಾ?'

ಅವಳು ನಗಲಿಲ್ಲ. ಗೇರ್ ಮೇಲಿದ್ದ ನನ್ನ ಕೈ ಮೇಲೆ ಕೈ ಇಟ್ಟಳು.

ಅಂದಿನಿಂದ ಯೋಚಿಸುತ್ತಿದ್ದೇನೆ. ರೂಲ್ಸ್ ಕೀಳುತ್ತೇನೆ ಎನ್ನುವ ಅಧ್ಯಕ್ಷರಿಗೆ ಜನ ಯಾಕೆ ಕುಣಿದು ಕುಪ್ಪಳಿಸುತ್ತಾರೆ? ಕಿತ್ತದ್ದು ಕಣ್ಣಿಗೆ ಕಾಣುತ್ತದೆ. ಸಿಂಕಿಗಾಗಿ ಕಾದದ್ದು ನೆನಪಿರುತ್ತದೆ, ಹೇಳಿದರೆ ಕಥೆಯಾಗುತ್ತದೆ. ಆದರೆ ನೋಯದ ಹೊಟ್ಟೆಗೆ ಕಥೆ ಎಲ್ಲಿದೆ? ಆಸ್ಪತ್ರೆಗೆ ಹೋಗದೆ ಉಳಿದ ಅಜ್ಜಿ ಮೈಕ್ ಹಿಡಿದು ಇನ್‌ಸ್ಪೆಕ್ಟರಿಗೆ ಥ್ಯಾಂಕ್ಸ್ ಹೇಳುವುದಿಲ್ಲ. ತಾನು ಉಳಿದೆ ಎಂಬುದೇ ಅವಳಿಗೆ ಗೊತ್ತಿರುವುದಿಲ್ಲ. ನಮ್ಮ ಕೆಲಸ ಚೆನ್ನಾಗಿ ನಡೆದರೆ ಏನೂ ನಡೆಯುವುದಿಲ್ಲ. ಏನೂ ನಡೆಯದ್ದಕ್ಕೆ ಓಟು ಕೇಳುವುದು ಹೇಗೆ? (ಆ ಅಧ್ಯಕ್ಷರ ಮೇಲೆ ನನಗೆ ಸಿಟ್ಟಿಗಿಂತ ಅಸೂಯೆಯೇ ಜಾಸ್ತಿ. ನಂಬಿದರೆ ನಂಬಿ.)

ಮೊನ್ನೆ ವೀಣಾ ಫ್ಯಾಮಿಲಿ ಗ್ರೂಪಿನಲ್ಲಿ ಬಂದ ಫೋಟೊ ತೋರಿಸಿದಳು. ಮಹಾಂತೇಶ ತನ್ನ ಕಿಚನ್‌ಗೆ ಆಳೆತ್ತರದ ಹೊಸ ಫ್ರಿಜ್ ತಂದಿದ್ದಾನೆ. ಅದಕ್ಕೆ ಅರಿಶಿನ ಕುಂಕುಮ, ಚೆಂಡುಹೂವಿನ ಮಾಲೆ. ಕೆಳಗೆ, 'ನಮ್ಮಲ್ಲಿ ಅನ್ನ ಹೊರಗಿಡೋದಿಲ್ಲ. ಸೇಫ್ಟಿ ಫಸ್ಟ್!' ಎಂದು ಬರೆದಿದ್ದಾನೆ. ಸಾಲುಸಾಲು ಹಾರ್ಟುಗಳು. ಅದರ ಬೆನ್ನಿಗೇ ಅದೇ ಅಧ್ಯಕ್ಷರ ಭಾಷಣದ ವಿಡಿಯೊ ಒಂದನ್ನು ಫಾರ್ವರ್ಡ್ ಮಾಡಿದ್ದಾನೆ. ಅದಕ್ಕೂ ಹಾರ್ಟುಗಳು.

ನಾನು ಹಾರ್ಟ್ ಒತ್ತಲಿಲ್ಲ. ಫ್ರಿಜ್ಜಿನ ಬಾಗಿಲ ಮೇಲಿನ ಅಂಕಿಯನ್ನು ಝೂಮ್ ಮಾಡಿ ನೋಡಿದೆ. ನಾಲ್ಕು ಡಿಗ್ರಿ. ಸರಿಯಾಗಿಯೇ ಇತ್ತು, ಹಾಳಾದದ್ದು!