ಎರಡನೆಯ ಗೊನೆ

ಇದನ್ನು ಬರೆಯಬೇಕೆಂದು ಕೂತು ಎದ್ದು ವರ್ಷಗಳೇ ಆದವು. ಒಮ್ಮೆ ಕಣ್ಣಿನ ಪೊರೆಯ ನೆಪ, ಒಮ್ಮೆ ಮೊಮ್ಮಗಳ ಮದುವೆಯ ನೆಪ. ಅಂದು ಆ ಕೋಣೆಯಲ್ಲಿ ಕುಳಿತಿದ್ದವರಲ್ಲಿ ಈಗ ಉಳಿದಿರುವುದು ನಾನೊಬ್ಬನೇ. ಇನ್ನು ಯಾರೂ ನನ್ನನ್ನು ಹಿಡಿದು ಕೇಳಲಾರರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಅದನ್ನೂ ಮೊದಲೇ ಒಪ್ಪಿಕೊಳ್ಳುತ್ತೇನೆ.

ಮೂಡುಬಿದಿರೆಗೂ ಸಿದ್ಧಕಟ್ಟೆಗೂ ನಡುವೆ ನಮ್ಮ ಊರು. ಮಿಶನ್ ಕಾಲದ ಹೆಂಚಿನ ಮಾಡಿನ ಸಣ್ಣ ಕ್ರೈಸ್ತ ದೇವಾಲಯ, ಅದರ ಹಿಂದೆ ನಾನು ಕಲಿಸುತ್ತಿದ್ದ ಶಾಲೆ. ಸಭೆಯ ಹೆಚ್ಚಿನ ಮನೆಗಳು ಗುತ್ತು ಎನ್ನುವ ಒಂದೇ ಜಮೀನ್ದಾರಿ ಮನೆಯ ಒಕ್ಕಲು. ಚಾಲಗೇಣಿ ಅಂದರೆ ಈ ವರ್ಷ ಉಂಟು, ಬರುವ ವರ್ಷ ಧಣಿಗಳ ಮನಸ್ಸು. ಗುತ್ತಿನಲ್ಲಿ ವರ್ಷದ ಭೂತಾರಾಧನೆ, ಅಂದರೆ ನೇಮ, ಬಂದಾಗ ಪ್ರತಿ ಒಕ್ಕಲಿನಿಂದ ಒಂದು ಬಾಳೆಗೊನೆ ಹೋಗಬೇಕು. ಸಭೆಯ ಕಟ್ಟಳೆಯಂತೆ ಭೂತಕ್ಕೆ ಏನೂ ಕೊಡಬಾರದು. ಹಾಗಾಗಿ ನಮ್ಮವರು ನೇಮಕ್ಕೆ ನಾಲ್ಕಾರು ದಿನ ಮೊದಲೇ ಗೊನೆ ತಲುಪಿಸಿ, ಅದು ಧಣಿಗಳ ಅಡುಗೆಮನೆಗೆ ಎನ್ನುತ್ತಿದ್ದರು. ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು; ಹಳೆಯ ಅಯ್ಯನವರು ಅದನ್ನು ಕೆದಕಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಬೆಳ್ತಂಗಡಿ ಕಡೆಯಿಂದ ವರ್ಗವಾಗಿ ಬಂದ ಹೊಸ ಸಭಾಪಾಲಕರು, ಕೆದಕುವುದೇ ತಮ್ಮ ಕೆಲಸ ಎಂದು ತಿಳಿದವರು. ಕೆಟ್ಟವರಲ್ಲ. ಶುದ್ಧಿ ಹಿರಿಯರಿಂದಲೇ ಆರಂಭವಾಗಬೇಕು ಎಂದು ಬಂದ ವಾರವೇ ಹೇಳಿದರು.

ಸಭಾ ಹಿರಿಯರೆಂದರೆ ಜನರೇ ಆರಿಸಿದ ಐದು ಮಂದಿ. ಮನೆಮನೆಗೆ ಹೋಗಿ ಬರುವುದು, ಜಗಳ ಬಿಡಿಸುವುದು, ಕರ್ತನ ಭೋಜನಕ್ಕೆ ಮೊದಲು ಯಾರು ಅದಕ್ಕೆ ಯೋಗ್ಯರಲ್ಲವೆಂದು ಅಯ್ಯನವರಿಗೆ ತಿಳಿಸುವುದು, ಇವೆಲ್ಲ ಅವರ ಪಾಲಿನವು. ಅವರಲ್ಲಿ ಎಲ್ಲರಿಗಿಂತ ಹಿರಿಯವರು ಭೋಜನದ ದಿನ ಅಯ್ಯನವರ ಹಿಂದೆ ದ್ರಾಕ್ಷಾರಸದ ಬಟ್ಟಲು ಹಿಡಿದು ನಡೆಯುತ್ತಿದ್ದರು. ಆಗ ಆ ಬಟ್ಟಲು ನಮ್ಮ ಗದ್ದೆಯ ಆಚೆ ಬದಿಯ ಮನೆಯವರ ಕೈಯಲ್ಲಿತ್ತು. ನಾನು ಅವರನ್ನು ದೊಡ್ಡಪ್ಪ ಎನ್ನುತ್ತಿದ್ದೆ. ಅವರ ಹೆಂಡತಿ ದೊಡ್ಡಮ್ಮ, ಸ್ತ್ರೀಯರ ಕೂಟವನ್ನು ನಡೆಸುತ್ತಿದ್ದವರು. ಓದು ಕಡಿಮೆ. ಆದರೆ ಹೆರಿಗೆಯ ಮನೆಯಲ್ಲಿ, ಸಾವಿನ ಮನೆಯಲ್ಲಿ ತುಳುವಿನಲ್ಲೇ ಅವರು ಮಾಡುತ್ತಿದ್ದ ಪ್ರಾರ್ಥನೆಗೆ ಗಂಡಸರೂ ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದರು.

ನಾನು ಹೊಸದಾಗಿ ಆರಿಸಿ ಬಂದ ಐದನೆಯ ಹಿರಿಯ. ಹೈಸ್ಕೂಲು ಮುಗಿಸಿದ್ದೇನೆಂಬ ಕಾರಣಕ್ಕೆ ಸಿಕ್ಕ ಸ್ಥಾನ.

ಆ ವರ್ಷ ನೇಮದ ಹೊತ್ತಿಗೆ ನನ್ನ ಅಪ್ಪ ಉಬ್ಬಸದಿಂದ ಮಲಗಿದ್ದರು. ನಮ್ಮ ಮನೆಯ ಗೊನೆ ನಾನೇ ಹೊರಬೇಕಿತ್ತು. ಮೇಷ್ಟ್ರು, ಅದರಲ್ಲೂ ಸಭಾ ಹಿರಿಯ, ಹಾಡಹಗಲಲ್ಲಿ ಗುತ್ತಿನ ದಾರಿಯಲ್ಲಿ ಗೊನೆ ಹೊತ್ತರೆ ಅಯ್ಯನವರ ಕಿವಿಗೆ ಹೋಗದೆ ಇರುತ್ತದೆಯೆ? ಹೊರದಿದ್ದರೆ ಗದ್ದೆ ಹೋಗುತ್ತದೆ. ಕೊನೆಗೆ ದೊಡ್ಡಪ್ಪನ ಅಂಗಳಕ್ಕೆ ಹೋಗಿ ನಿಂತೆ. ನಾನು ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಾಯಿತು.

"ನಿನ್ನದನ್ನೂ ತಾ ಮಾರಾಯ. ನನಗೂ ಅನುಕೂಲವೇ. ಒಂದೇ ಗೊನೆಯಾದ್ರೆ ಕಾವಡಿ ಒಂದು ಬದಿಗೆ ವಾಲ್ತದೆ."

ದೊಡ್ಡಮ್ಮ ಬಾಳೆಯ ನಾರಿನಿಂದ ಎರಡು ಗೊನೆಗಳನ್ನೂ ಕಾವಡಿಯ ಎರಡು ತುದಿಗೆ ತಾವೇ ಬಿಗಿದರು. ಬಿಗಿಯುತ್ತಾ, ನಮ್ಮ ಗೊನೆ ಅವರದ್ದಕ್ಕಿಂತ ಸಣ್ಣದೆಂದು ತಮಾಷೆ ಮಾಡಿದರು. ಮೇಷ್ಟ್ರು ಬಾಳೆಗೂ ಪಾಠ ಮಾಡಿ ಬಳಲಿಸಿರಬೇಕು ಎಂದರು. ನಾನೂ ನಕ್ಕೆ. ದೊಡ್ಡಪ್ಪ ಕಾವಡಿ ಹೆಗಲಿಗೇರಿಸಿ ಗದ್ದೆಯ ಬದುವಿನಲ್ಲಿ ಹೋದದ್ದನ್ನು ನೋಡಿ, ಶಾಲೆಗೆ ಹೊತ್ತಾಯಿತೆಂದು ಓಡಿದೆ.

ಅವರನ್ನು ದಾರಿಯಲ್ಲಿ ಕಂಡದ್ದು ಇನ್ನೊಬ್ಬ ಹಿರಿಯ, ಮೂಡುಬಿದಿರೆ ಪೇಟೆಯಲ್ಲಿ ಟೈಲರ್ ಆಗಿದ್ದವರು. ಅವರಿಗೆ ಗದ್ದೆ ಇರಲಿಲ್ಲ, ಧಣಿಗಳ ಭಯವೂ ಇರಲಿಲ್ಲ. ಭೋಜನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಶಾಲೆಯ ಕೋಣೆಯಲ್ಲಿ ಹಿರಿಯರ ಕೂಟ ಸೇರಿದಾಗ ಅವರು ವಿಷಯ ಎತ್ತಿದರು.

ಅಯ್ಯನವರು ಕೋಪಿಸಿಕೊಳ್ಳಲಿಲ್ಲ. ಅದು ಹೆಚ್ಚು ಹೆದರಿಸಿತು. ಒಕ್ಕಲಿನ ಕಷ್ಟ ತಮಗೂ ಗೊತ್ತೆಂದರು. ಗೇಣಿಯ ಜೊತೆ ಧಣಿಗೆ ಸಲ್ಲುವ ಒಂದು ಗೊನೆಯನ್ನು ಈ ಬಾರಿ ತಾವು ಮನ್ನಿಸಬಹುದು ಎಂದೂ ಹೇಳಿದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದರು.

"ಒಂದು ಧಣಿಗೆ ಅಂತ ಇಟ್ಟುಕೊಳ್ಳುವ. ಎರಡನೆಯದು ಯಾರಿಗೆ? ಹರಕೆಯೋ?"

"ಎರಡನೆಯದು ಭೂತದ ಸಂಸಾರಕ್ಕೆ ಇರ್ಬೇಕು," ಎಂದರು ಟೈಲರ್. ಒಬ್ಬಿಬ್ಬರು ನಕ್ಕರು.

ದೊಡ್ಡಪ್ಪ ನನ್ನನ್ನು ನೋಡಿದರು. ಅದು ದೂರುವ ನೋಟವಾಗಿರಲಿಲ್ಲ. ಬಾಗಿಲು ತಟ್ಟಿದವರು ಒಳಗಿನ ಸದ್ದಿಗೆ ಕಾಯುತ್ತಾರಲ್ಲ, ಹಾಗೆ ಕಾದರು. 'ಅದು ನಮ್ಮ ಮನೆಯದು' ಎಂಬಷ್ಟೇ ಮಾತು. ಅದು ನಾಲಿಗೆಯ ತನಕ ಬಂದಿತ್ತು. ಹೇಳಿದರೆ ಮಿಶನ್ ಶಾಲೆಯ ಕೆಲಸ ಉಳಿಯುತ್ತದೆಯೇ, ಅಪ್ಪನ ಔಷಧಿಗೆ ಏನು ಮಾಡಲಿ ಎಂದೆಲ್ಲ ಆ ಕ್ಷಣದಲ್ಲೇ ತಲೆಯಲ್ಲಿ ಓಡಿತು. ನಾನು ಕರಿಹಲಗೆ ನೋಡಿದೆ. ಹಿಂದಿನ ದಿನ ನಾನೇ ಬರೆದ ಮಗ್ಗಿ ಅರ್ಧ ಅಳಿಸಿತ್ತು.

"ಹೆಗಲು ನನ್ನದು, ಅಯ್ಯನವರೇ," ಎಂದರು ದೊಡ್ಡಪ್ಪ. "ಹೊತ್ತದ್ದು ನಾನೇ. ಮತ್ತೇನು ಹೇಳ್ಲಿಕ್ಕಿಲ್ಲ."

ಅವರು ಎದ್ದು ಹೊರಗೆ ಹೋಗಿ ನೇರಳೆ ಮರದ ಕೆಳಗೆ ನಿಂತರು. ಹಿರಿಯರ ಸ್ಥಾನದಿಂದ ತೆಗೆಯುವುದು, ಮುಂದಿನ ತೀರ್ಮಾನದವರೆಗೆ ಭೋಜನಕ್ಕೆ ಸೇರಿಸದಿರುವುದು, ಇದಕ್ಕೆ ಒಪ್ಪುವವರು ಕೈ ಎತ್ತಿ ಎಂದು ಅಯ್ಯನವರು ಕೇಳಿದರು. ಎಲ್ಲರ ಕೈ ಎದ್ದಿತು. ನನ್ನದೂ. ಕೈ ಇಳಿಸುವ ಮೊದಲೇ ಅಯ್ಯನವರ ಕಣ್ಣು ನನ್ನ ಮೇಲೆ ಬಿತ್ತು.

"ಮಾಸ್ಟ್ರೇ, ನಾಳೆ ಬಟ್ಟಲು ನೀವು ಹಿಡಿಯಿರಿ. ಇನ್ನು ಸಭೆಯಲ್ಲಿ ಚಿಕ್ಕವರೂ ಮುಂದೆ ಬರ್ಬೇಕು."

ಮರುದಿನ ದೊಡ್ಡಪ್ಪ ಆರಾಧನೆಗೆ ಬಂದರು. ಕೊನೆಯ ಬೆಂಚಿನಲ್ಲಿ ಕುಳಿತರು. ದೊಡ್ಡಮ್ಮನ ಮೇಲೆ ತೀರ್ಮಾನ ಇರಲಿಲ್ಲವಾದ್ದರಿಂದ ಅವರು ಹೆಂಗಸರ ಸಾಲಿನಲ್ಲಿ ಮುಂದೆ ಬಂದು ಮೊಣಕಾಲೂರಿದರು. ರೊಟ್ಟಿ ಕೊಟ್ಟ ಅಯ್ಯನವರು ಒಂದೊಂದೇ ಹೆಜ್ಜೆ ಮುಂದಕ್ಕೆ ಹೋಗುತ್ತಿದ್ದರು. ಅವರ ಹಿಂದೆ ನಾನು. ದೊಡ್ಡಮ್ಮ ಬಟ್ಟಲನ್ನು ತಳ್ಳಿಬಿಟ್ಟರೆ? ಎಲ್ಲರ ಮುಂದೆ ಕೇಳಿಬಿಟ್ಟರೆ? ಅವರ ಹತ್ತಿರ ಬಂದಾಗ ರಸ ಅಂಚಿನವರೆಗೆ ತುಳುಕುತ್ತಿತ್ತು. ಅವರು ಎರಡೂ ಕೈಯಿಂದ ಬಟ್ಟಲಿನ ಬುಡ ಹಿಡಿದು, ನನಗೆ ಮಾತ್ರ ಕೇಳುವಂತೆ ತುಳುವಿನಲ್ಲಿ ಹೇಳಿದರು.

"ಕೈ ನಡುಗ್ತಾ ಉಂಟು ಮಗಾ. ಸರಿಯಾಗಿ ಹಿಡಿ."

ಕುಡಿದು ತಲೆ ಬಾಗಿಸಿದರು. ನಾನು ಮುಂದಿನವರ ಬಳಿಗೆ ಹೋದೆ.

ದೊಡ್ಡಮ್ಮನಿಗೆ ಆದದ್ದು ಯಾವ ಕೂಟದಲ್ಲೂ ತೀರ್ಮಾನವಾದದ್ದಲ್ಲ. ಗಂಡನೇ ಸಭೆಯ ಹೊರಗಿನಂತಿರುವಾಗ ಹೆಂಡತಿ ಕೂಟ ನಡೆಸುವುದು ಹೇಗೆ ಎಂದು ಯಾರೋ ಅಂದರಂತೆ. ಸ್ತ್ರೀಯರ ಕೂಟ ಟೈಲರ್ ಹೆಂಡತಿಯ ಕೈಗೆ ಹೋಯಿತು. ಆಮೇಲೆ ಬಾಣಂತಿಯ ಮನೆಗೆ, ಸತ್ತವರ ಮನೆಗೆ ದೊಡ್ಡಮ್ಮನನ್ನು ಕರೆಯುವವರಿಲ್ಲ. ನನ್ನ ಅಪ್ಪ ತೀರಿಕೊಂಡಾಗ ಅವರು ಕರೆಯದೆಯೇ ಬಂದರು. ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಕುಳಿತಿದ್ದರು. ಪ್ರಾರ್ಥನೆ ಮಾಡಿ ಎಂದು ಹೇಳಬೇಕಾದವನು ನಾನು, ಮನೆಯ ಮಗ, ಸಭಾ ಹಿರಿಯ. ಜಗಲಿಯಲ್ಲಿ ಅಯ್ಯನವರು ಇದ್ದರು. ಹೇಳಲಿಲ್ಲ.

ಆ ಅಯ್ಯನವರು ವರ್ಗವಾಗಿ ಹೋದ ಮೇಲೆ ಬಂದವರು ದೊಡ್ಡಪ್ಪನನ್ನು ಪುನಃ ಭೋಜನಕ್ಕೆ ಸೇರಿಸಿದರು. ಹಿರಿಯರ ಚುನಾವಣೆಗೆ ನಿಲ್ಲಲು ದೊಡ್ಡಪ್ಪ ಒಪ್ಪಲಿಲ್ಲ. ಅರವತ್ತರ ದಶಕದಲ್ಲಿ ಒಂದು ದಿನ ಅವರು ಗದ್ದೆಗೆ ನೀರು ಕಟ್ಟುತ್ತಿದ್ದಾಗ ನಾನು ಬದುವಿನಲ್ಲಿ ನಿಂತು, ಗೊನೆಯ ವಿಷಯ ತಪ್ಪಾಯಿತು ಎಂದೆ. ಅವರು ಹಾರೆ ನಿಲ್ಲಿಸದೆ, ಅದಿನ್ನೂ ನಿನ್ನ ತಲೆಯಲ್ಲಿ ಉಂಟಾ ಎಂದು ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಹಾರೆಗೆ ಒರಗಿ ನಿಂತರು.

"ನನಗೆ ಬಟ್ಟಲು ಹೋದ್ರೆ ಒಂದು ಕೆಲಸ ಕಡಿಮೆಯಾಯ್ತು, ಅಷ್ಟೇ. ಅವಳು ಈಗ್ಲೂ ಮನೆಯೊಳಗೆ ಒಬ್ಳೇ ಕೂತು ಗಟ್ಟಿಯಾಗಿ ಪ್ರಾರ್ಥನೆ ಮಾಡ್ತಾಳೆ. ಕೇಳ್ಲಿಕ್ಕೆ ನಾನೊಬ್ನೇ. ನೀನು ಅವಳ ಹತ್ರ ಹೇಳು."

ಆಯಿತು ಎಂದೆ. ಅವರ ಅಂಗಳದ ಬೇಲಿಯ ತಡಮೆಯವರೆಗೆ ಎಷ್ಟೋ ಸಲ ಹೋದೆ. ಒಳಗಿಂದ ಅವರ ದನಿ ಕೇಳಿದರೆ, ಪ್ರಾರ್ಥನೆ ಮುಗಿಯಲಿ ಎಂದುಕೊಳ್ಳುತ್ತಿದ್ದೆ. ಮುಗಿದರೆ, ಅವರಿಗೆ ಕೆಲಸ ಇರಬೇಕು ಎಂದುಕೊಂಡು ತಿರುಗುತ್ತಿದ್ದೆ. ದೊಡ್ಡಪ್ಪ ತೀರಿಕೊಂಡರು. ನಾನು ವರ್ಷವರ್ಷ ಬಟ್ಟಲು ಹಿಡಿದೆ. ಪ್ರತಿ ಸಲವೂ ದೊಡ್ಡಮ್ಮನ ಸರದಿ ಬರುವಾಗ ಕೈ ನಡುಗುತ್ತಿತ್ತು, ಪ್ರತಿ ಸಲವೂ ಅವರು ಬುಡಕ್ಕೆ ಕೈ ಕೊಡುತ್ತಿದ್ದರು. ಒಂದು ಭೋಜನದ ದಿನ ಹೆಂಗಸರ ಸಾಲಿನಲ್ಲಿ ಅವರ ಜಾಗ ಖಾಲಿ ಇತ್ತು. ಅಷ್ಟರಲ್ಲಿ ಅವರು ಹಾಸಿಗೆ ಹಿಡಿದಿದ್ದರು, ಮಾತು ನಿಂತಿತ್ತು, ಯಾರ ಗುರುತೂ ಸಿಗುತ್ತಿರಲಿಲ್ಲ.

ದೊಡ್ಡಪ್ಪನಲ್ಲಿ ತಪ್ಪಾಯಿತೆಂದು ಹೇಳಿದ್ದೇನೆ. ದೇವರ ಮುಂದೆಯೂ ಹೇಳಿದ್ದೇನೆ. ಹೇಳದೆ ಉಳಿದದ್ದು ಒಬ್ಬರಲ್ಲಿ: ನಮ್ಮ ಗೊನೆಯನ್ನು ತಮ್ಮ ಕೈಯಾರೆ ಕಾವಡಿಗೆ ಬಿಗಿದ, ಗದ್ದೆಯ ಆಚೆ ಬದಿಯ ಮನೆಯ ದೊಡ್ಡಮ್ಮನಲ್ಲಿ.