ಸೋದರಮಾವ ತಂದ ಹಸಿರು ಸೀರೆ

ಕಳೆದ ಭಾನುವಾರ ದಾಂಡೇಲಿಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ನನಗೊಂದು ಪ್ರಶ್ನೆ ಕೇಳಿದಳು. ಪತ್ರಿಕೆಗಾಗಿ ಬೇರೆಯವರಿಗೆ ಪ್ರಶ್ನೆ ಕೇಳಿಯೇ ಸಂಬಳ ಪಡೆದವನು ನಾನು.

ಹುಡುಗಿ ನನ್ನ ತಂಗಿ ಮಹಾದೇವಿಯ ಮಗಳು ಅಕ್ಷತಾ. ಬುಧವಾರ ದೊಡ್ಡವಳಾದಳು. ಅಂದೇ ತಂಗಿಯ ಫೋನ್ ಬಂತು.

"ಅಣ್ಣಾ, ಐದನೇ ದಿನ ಆರತಿ ಐತಿ. ನೀ ಸೀರಿ ತಂದ ಮ್ಯಾಲನ ಆಕಿ ಕೋಣಿ ಬಿಟ್ಟ ಹೊರಗ ಬರಾಕಿ. ತಪ್ಪಸಬ್ಯಾಡ."

ನಮ್ಮ ಕಡೆ ಪದ್ಧತಿಯೇ ಹಾಗೆ. ಸೋದರಮಾವನ ಸೀರೆ ಬಾರದೆ ಆರತಿ ಇಲ್ಲ.

ಹಸಿರು ಸೀರೆ, ಕುಬಸದ ಖಣ, ಒಣಕೊಬ್ಬರಿ, ಉತ್ತತ್ತಿ ಕಟ್ಟಿಕೊಂಡು ಹಳಿಯಾಳದಲ್ಲಿ ಬಸ್ ಹತ್ತಿದೆ. ದಾರಿಯಲ್ಲಿ ಮೊಬೈಲಿನಲ್ಲಿ ಒಂದು ಲೇಖನ ಓದಿದೆ. ದಕ್ಷಿಣ ಚೀನಾದ ಒಂದು ಸೀಮೆಯಲ್ಲಿ ಮಕ್ಕಳಿಗೆ ಹದಿನೈದಾದಾಗ ತಾಯಿಯ ತವರಿನಿಂದ ಹೊಸ ಬಟ್ಟೆ, ಕೆಂಪು ಮರದ ಪಾದುಕೆ ಬರುತ್ತವಂತೆ. ಗಂಡು, ಹೆಣ್ಣು ಇಬ್ಬರಿಗೂ. ಮಗು ತೋಟ ಬಿಟ್ಟು ಹೊರಗೆ ಬಂತು ಎನ್ನುತ್ತಾರಂತೆ. ಈ ವಾರಕ್ಕೆ ವಿಷಯ ಸಿಕ್ಕಿತು ಎಂದುಕೊಂಡೆ. (ಅಂಕಣಕಾರನ ದುರಭ್ಯಾಸ.)

ಸೀರೆ ಉಡಿಸಿ ಅಕ್ಷತಾಳನ್ನು ಮಣೆಯ ಮೇಲೆ ಕೂರಿಸಿದರು. ಪಕ್ಕದ ಮನೆಯ ಗಂಗವ್ವ ನನ್ನ ಚೀಲದಲ್ಲಿ ಇಣುಕಿದಳು.

"ಏನಪಾ ಮಾವ, ಬರೀ ಸೀರಿ? ಕಿವಿಗೆ ಬಂಗಾರದ ಬೆಂಡೋಲಿ ಬಸ್ಸಿನ್ಯಾಗ ಮರ್ತ ಬಂದ್ಯೇನು?"

ಹೆಂಗಸರೆಲ್ಲ ನಕ್ಕರು. ಮಹಾದೇವಿ ನಗಲಿಲ್ಲ.

"ನಮ್ಮಣ್ಣ ಬಂದಾನಲ್ಲ ಗಂಗವ್ವ. ತವರಮನಿ ಬಾಗಲಾ ತೆರದೈತಿ. ಅಷ್ಟ ಸಾಕು ನನಗ."

ಊಟವಾಯಿತು, ಬಂದವರೆಲ್ಲ ಹೋದರು. ಅಕ್ಷತಾಳಿಗೆ ಚೀನಾದ ಕಥೆ ಹೇಳಿದೆ. ಗಮನವಿಟ್ಟು ಕೇಳಿದಳು. ಆಮೇಲೆ ಕೇಳಿದಳು:

"ಅಲ್ಲೂ ಅವ್ವಂದಿರು ಮೊದಲ ಸಹಿ ಮಾಡಬೇಕೇನ್ರಿ ಮಾಮಾ?"

"ಸುಮ್ನ ಕುಂದ್ರ," ಎಂದಳು ಮಹಾದೇವಿ.

ಎಂಥ ಸಹಿ? ನಿಮಗೆ ಹೇಳಬೇಕು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಊರಿನ ಕಬ್ಬಿನ ಹೊಲದಲ್ಲಿ ತನ್ನ ಪಾಲು ನನಗೇ ಇರಲಿ ಎಂದು ಮಹಾದೇವಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ನೋಂದಣಿ ಕಚೇರಿಗೆ ಕರೆದೊಯ್ದವನು ನಾನೇ. ಶಾಲೆಗೆ ರಜೆ, ಅಕ್ಷತಾ ಜೊತೆಗಿದ್ದಳು. ಓದಿ ನೋಡು ಎಂದು ತಂಗಿಗೆ ನಾನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ. (ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಇದೇ ಅಂಕಣದಲ್ಲಿ ಬರೆದಿದ್ದೇನೆ. ಅದು ಬೇರೆಯವರ ಹೊಲವಾಗಿತ್ತು.)

ಹೊರಡುವಾಗ ಅಂಗಳದಲ್ಲಿ ತಂಗಿಯನ್ನು ಕೇಳಿದೆ. "ಯಾಕ ಸಹಿ ಮಾಡಿದಿ?"

"ಸಹಿ ಮಾಡಿರ್ಲಿಲ್ಲಂದ್ರ ಇವತ್ತ ಬರ್ತಿದ್ದ್ಯೇನು ನೀನು?"

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. 'ಬರ್ತಿದ್ದೆ' ಎನ್ನಲು ಒಂದು ಕ್ಷಣ ತಡವಾಯಿತು. ಆ ತಡವನ್ನು ಅವಳು ಗಮನಿಸಿದಳು. ನಾನೂ ಗಮನಿಸಿದೆ.

ನಮ್ಮೂರ ಸುತ್ತ ಎಷ್ಟು ತಂಗಿಯರು ಹೀಗೆ ಸಹಿ ಹಾಕಿದ್ದಾರೆ? ಒಂದು ಹಸಿರು ಸೀರೆ ಬರಲಿ, ನಾಲ್ಕು ಜನರ ಮುಂದೆ ಅಣ್ಣ ಬಂದ ಎನ್ನುವಂತಾಗಲಿ ಎಂದು? ಅದನ್ನು ನಾವು ಪ್ರೀತಿ ಎಂದು ಹೆಂಗಸರ ಆರತಿ ಹಾಡಿನಲ್ಲಿ ಹಾಡಿಸಿಕೊಂಡು ಬರುತ್ತೇವೆ.

ಸೋಮವಾರ ಹಳಿಯಾಳದಲ್ಲಿ ಅದೇ ಪತ್ರ ಬರೆದುಕೊಟ್ಟಿದ್ದ ಬಾಂಡ್ ರೈಟರ್ ಹತ್ತಿರ ಹೋದೆ. ತಂಗಿಯ ಪಾಲನ್ನು ಅವಳ ಹೆಸರಿಗೆ ಮತ್ತೆ ಮಾಡಿಸಬೇಕು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಹೆಸರು ತಗಸಾಕ ಭಾಳ ಮಂದಿ ಬರ್ತಾರ್ರಿ. ಹಚ್ಚಾಕ ಬಂದಾವ್ರು ನೀವ ಮೊದಲ. ಬಿಡುಗಡಿ ಆಗಿಹೋಗೇತಿ. ಈಗ ಬ್ಯಾರೆ ಪತ್ರಾನ ಮಾಡಬೇಕ್ರಿ."

ಅವಳದನ್ನೇ ಅವಳಿಗೆ ಕೊಡಲು ನಾನು ಬರೆಸಬೇಕಾದ ಆ ಕಾಗದದ ಹೆಸರು ದಾನಪತ್ರವಂತೆ.