ಮೂಗಿನ ಮೇಷ್ಟ್ರ ನೆಗಡಿ

ಹೋಟೆಲಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು 'ಮೂಗಿನ ಮೇಷ್ಟ್ರು' ಅಂತ. ಕೆಂಪು ವೈನಿನ ಲೋಟವನ್ನು ಎರಡು ಸುತ್ತು ತಿರುಗಿಸಿ, ಮೂಗಿಗೆ ಹಿಡಿದು, "ಚೆರ್ರಿ ಇದೆ, ಹಳೇ ಚರ್ಮ ಇದೆ, ಕೊನೇಲಿ ಸ್ವಲ್ಪ ಹೊಗೆ" ಅಂದರೆ ಗಿರಾಕಿಗಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ, ಅದೇ ಜಂಬ.

ಆ ಮೂಗು ಸತ್ತು ಎರಡು ತಿಂಗಳಾಗಿತ್ತು. ಒಂದು ನೆಗಡಿ ಬಂತು, ಹೋಗುವಾಗ ವಾಸನೆ, ರುಚಿ ಎರಡನ್ನೂ ಗಂಟು ಕಟ್ಟಿಕೊಂಡು ಹೋಯಿತು. ಮೇಷ್ಟ್ರು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. 'ಅಯ್ಯಾ ಮಹಾರಾಯ, ನಿನ್ನ ಮೂಗಿಗಿಂತ ನಾಲಿಗೆಯೇ ಉದ್ದ, ನಡೆಸು' ಅಂತ ಕನ್ನಡಿ ನೋಡಿ ಹೇಳಿಕೊಂಡರು, ನಡೆಸಿಯೂ ಬಿಟ್ಟರು. ಒಬ್ಬ ಗಿರಾಕಿಗೂ ಗೊತ್ತಾಗಲಿಲ್ಲ. ಇದರಿಂದ ಅವರಿಗೆ ಕೊಂಚ ಅವಮಾನವೇ ಆಯಿತು.

ಅವತ್ತು ಮಧ್ಯಾಹ್ನ ಮಾಲೀಕರು ಬಂದು ಕೂತರು. ಸಿಹಿ ಮಾಡುವ ಹೆಂಗಸು ಸೇರಿ ಮೂರು ತಿಂಗಳಾಗಿತ್ತು, ಅವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ ಇವತ್ತೇ ತೀರ್ಮಾನ. ಇಷ್ಟು ದಿನವೂ ಅವಳ ಕೈರುಚಿಯನ್ನು ಮಾಲೀಕರ ಮುಂದೆ ಹೊಗಳುತ್ತಾ ಬಂದವರು ಮೇಷ್ಟ್ರೇ. ಕಾಫಿಯಲ್ಲಿ ನೆನೆದ ಬಿಸ್ಕತ್ತಿನ ಮೇಲೆ ಚೀಸಿನ ಕೆನೆ ಹರಡಿದ ಟಿರಾಮಿಸು ತಂದಿಟ್ಟು, ಅವಳು ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಾ ನಿಂತಳು.

ಮೇಷ್ಟ್ರು ಮೊದಲು ವೈನ್ ಬಗ್ಗಿಸಿದರು. ಮೂಸಿದರು. "ಆಹಾ! ಚೆರ್ರಿ, ಹಳೇ ಚರ್ಮ..."

ಮಾಲೀಕರು ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಏನ್ರೀ ಮೇಷ್ಟ್ರೇ, ಹುಳಿ ಹಿಡಿದು ವಿನೆಗರ್ ಆಗಿದೆ! ಇವರ ಸಿಹೀನೂ ಹೀಗೇನಾ ಹೊಗಳ್ತಾ ಇದ್ದಿದ್ದು?"

ವಾರದಿಂದ ಮುಚ್ಚಳವಿಲ್ಲದೆ ನಿಂತಿದ್ದ ಬಾಟಲಿ ಅದು. ಮುಚ್ಚಲು ಮರೆತವರು ಸಾಕ್ಷಾತ್ ಮೇಷ್ಟ್ರೇ. 'ನಿಮ್ಮನ್ನ ಪರೀಕ್ಷೆ ಮಾಡ್ದೆ ಸಾರ್' ಅನ್ನುವ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಬಿಳಿಚಿದ ಮುಖ ಕಂಡಿತು. ಇನ್ನೊಂದು ಬಡಾಯಿ ಕೊಚ್ಚಿದರೆ ಅವಳ ಅನ್ನಕ್ಕೆ ಕಲ್ಲು ಬೀಳುತ್ತಿತ್ತು.

"ಸಾರ್, ನನ್ನ ಮೂಗು ಸತ್ತು ಎರಡು ತಿಂಗಳಾಯ್ತು. ವಿನೆಗರೂ ಒಂದೇ, ನೀರೂ ಒಂದೇ. ಆದ್ರೆ ಇವರು ಬಂದಿದ್ದು ಮೂರು ತಿಂಗಳ ಹಿಂದೆ. ಮೊದಲನೇ ತಿಂಗಳು ಹೊಗಳಿದ್ದು ನಿಜವಾದ ಮೂಗು, ಅದನ್ನ ನಂಬಿ. ಆಮೇಲಿಂದೆಲ್ಲಾ ಬರೀ ಬಾಯಿ."

ಮಾಲೀಕರು ತಾವೇ ಒಂದು ಚಮಚ ತಿಂದರು. ಇನ್ನೊಂದು. ಮತ್ತೊಂದು.

"ಇವರು ಇರ್ಲಿ. ನಾಳೆಯಿಂದ ವೈನ್ ರುಚೀನೂ ಇವರೇ ನೋಡ್ಲಿ. ನೀವು ಮಾತಾಡಿ, ಮಾತಿಗೇನೂ ನೆಗಡಿ ಆಗಿಲ್ವಲ್ಲ" ಅಂತ ಹೇಳಿ ಎದ್ದು ಹೋದರು.

ತಟ್ಟೆಯಲ್ಲಿ ಉಳಿದದ್ದನ್ನು ಮೇಷ್ಟ್ರು ಬಾಯಿಗಿಟ್ಟುಕೊಂಡರು. ತಣ್ಣಗಿತ್ತು, ಮೆತ್ತಗಿತ್ತು, ಅಷ್ಟೇ. ಅಳು ಬಂದಂತಾಯಿತು.

"ಹೇಗಿದೆಯಮ್ಮಾ?" ಅಂತ ಅವಳನ್ನೇ ಕೇಳಿದರು.

ಅವಳೂ ಒಂದು ಚಮಚ ತಿಂದು, ಕಣ್ಣು ಮುಚ್ಚಿ ಹೇಳಿದಳು: "ಮೊದ್ಲು ಕಾಫಿ ಕಹಿ ಬರುತ್ತೆ ಮೇಷ್ಟ್ರೇ. ಸ್ವಲ್ಪ ತಡೀರಿ... ಹಾಂ, ಈಗ ಕೆನೆ."

ಮೇಷ್ಟ್ರು ಬಾಯಿ ಬಿಟ್ಟುಕೊಂಡು ಕೇಳಿದರು.